ಹೊಟ್ಟೆನೋವಿನ ಪ್ರಯುಕ್ತ

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ಈ ಅವಧಿಯಲ್ಲಿ ನಾನು ಓದಿರುವ ರಜಾ ಅರ್ಜಿಗಳು ನಾನು ಓದಿರುವ ಕಾವ್ಯಗಳಿಗಿಂತ ಹೆಚ್ಚೆಂದು ಹೇಳಲು ನನಗೇನೂ ಸಂಕೋಚವಿಲ್ಲ. ಅರ್ಜಿಗಳಲ್ಲಿಯೂ ಒಂದು ಬಗೆಯ ಕವಿಸಮಯವುಂಟು. ಅಜ್ಜಿಯರು ವರ್ಷಕ್ಕೆ ಎರಡು ಬಾರಿ ತೀರಿಕೊಳ್ಳುತ್ತಾರೆ. ಅಕ್ಕಂದಿರ ಮದುವೆ ಕಿರುಪರೀಕ್ಷೆಯ ದಿನವೇ ಕೂಡಿಬರುತ್ತದೆ. ಇವೆರಡೂ ಒದಗದಿದ್ದಾಗ ‘ಹೊಟ್ಟೆನೋವಿನ ಪ್ರಯುಕ್ತ’. ಜ್ವರವೆಂದರೆ ಮೈ ಮುಟ್ಟಿ ನೋಡಬಹುದು. ಕೈ ಮುರಿದರೆ ಕಟ್ಟು ಕಾಣುತ್ತದೆ. ಕಣ್ಣುಬೇನೆಯವನ ಕಣ್ಣೇ ಸಾಕ್ಷಿ ಹೇಳುತ್ತದೆ. ಹೊಟ್ಟೆನೋವಿಗೆ ಸಾಕ್ಷಿಯಿಲ್ಲ. ಅದಕ್ಕೇ ಎಲ್ಲರೂ ಅದನ್ನು ಬರೆಯುತ್ತಾರೆ. ಅದಕ್ಕೇ ಯಾರೂ ಅದನ್ನು ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ. “ಏನಪ್ಪಾ, ಹೊಟ್ಟೆನೋವು ಯಾವ ಥಿಯೇಟರಿನಲ್ಲಿ ನಡೆಯುತ್ತಿತ್ತು?” ಎಂದು ಕೇಳಿ ತರಗತಿಯನ್ನು ನಗಿಸುವುದು ನನ್ನ ಹಳೆಯ ವಿನೋದಗಳಲ್ಲೊಂದು.

ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. ಏಕೆಂಬುದನ್ನು ಹೇಳಬೇಕಾದರೆ ನನ್ನ ಸ್ವಂತ ಹೊಟ್ಟೆಯ ವಿಚಾರವನ್ನೇ ಎತ್ತಬೇಕು. ಭಾನುವಾರದ ಬೆಳಗ್ಗೆ ಅದನ್ನು ವಾಚಕರ ಮುಂದಿಡುವುದು ಅಷ್ಟು ಸಭ್ಯವಲ್ಲವೆಂದು ಬಲ್ಲೆ. ಬೇಕಾದವರು ತಿಂಡಿ ಮುಗಿಸಿ ಓದಬಹುದು.

ನಾನು ಮಲೆನಾಡಿನವನು. ಬೆಳಗ್ಗೆ ಕಡುಬು ಇಲ್ಲವೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಮೈ ಸರಿಯಿಲ್ಲದಿದ್ದರೆ ಗಂಜಿ: ಹೀಗೆ ಅಕ್ಕಿಯ ನಾನಾ ಅವತಾರಗಳನ್ನು ಉಂಡು ಬೆಳೆದೆ. ಮೈಸೂರಿಗೆ ಬಂದು ಮನೆ ಮಾಡಿದ ಮೇಲೂ ಅದೇ ನಡೆಯಿತು. 2021ರಲ್ಲಿ ನಮ್ಮ ಕಾಲೇಜಿನಲ್ಲಿ ಆರೋಗ್ಯ ತಪಾಸಣೆಯ ಶಿಬಿರವೊಂದು ನಡೆಯಿತು. ಬೆರಳು ಚುಚ್ಚಿ ನೋಡಿದವರು, “ಸಕ್ಕರೆ ಗಡಿಯಲ್ಲಿದೆ ಸಾರ್, ಅನ್ನ ಬಿಟ್ಟು ಚಪಾತಿ ತಿನ್ನಿ” ಎಂದರು. ನಲವತ್ತು ದಾಟಿದ ಕನ್ನಡಿಗರಿಗೆಲ್ಲ ಈ ಉಪದೇಶ ಆಗಿಯೇ ಆಗುತ್ತದೆ. ನನ್ನ ಹೆಂಡತಿ ಅದನ್ನು ಗುರುವಾಕ್ಯವೆಂದೇ ಸ್ವೀಕರಿಸಿದಳು. ಬೆಳಗ್ಗೆ ಗೋಧಿ ದೋಸೆ, ರಾತ್ರಿ ಚಪಾತಿ, ನಡುವೆ ಕಾಫಿಯ ಜೊತೆಗೆ ಗೋಧಿಯ ಬಿಸ್ಕತ್ತು. ಸಕ್ಕರೆ ಗಡಿಯಿಂದ ಎರಡು ಹೆಜ್ಜೆ ಹಿಂದೆ ಸರಿಯಿತು. ಹೊಟ್ಟೆ ಮಾತ್ರ ತಕರಾರು ತೆಗೆಯಿತು.

ಮೊದಮೊದಲು ಉಬ್ಬರ. ಊಟವಾದ ಮೇಲೆ ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತಿತ್ತು. ಆಮೇಲೆ ಗುಡುಗುಡು, ಹಳಗನ್ನಡ ಪಾಠದ ನಡುವೆ ನನಗಿಂತ ಮೊದಲು ನನ್ನ ಹೊಟ್ಟೆಯೇ ಹಳಗನ್ನಡದಲ್ಲಿ ಮಾತಾಡತೊಡಗಿತು. ಆಮೇಲೆ ನುಲಿಯುವ ನೋವು, ದಿನಕ್ಕೆ ನಾಲ್ಕೈದು ಬಾರಿ ಹೊರಗೆ ಓಡುವ ಸಂಕಟ. ಎರಡು ಪಿರಿಯಡ್ಡುಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ಧೈರ್ಯ ಹೋಯಿತು. ಬಸ್ಸಿನಲ್ಲಿ ಊರಿಗೆ ಹೋಗುವುದು ನಿಂತಿತು.

ನಮ್ಮ ಭಾಷೆಯಲ್ಲಿ ಹೊಟ್ಟೆಗಿರುವಷ್ಟು ಮಾತು ಎದೆಗೂ ಇಲ್ಲವೇನೋ. ಮತ್ಸರಕ್ಕೆ ಹೊಟ್ಟೆಕಿಚ್ಚು, ಜೀವನೋಪಾಯಕ್ಕೆ ಹೊಟ್ಟೆಪಾಡು, ತಪ್ಪನ್ನು ಕ್ಷಮಿಸಿದರೆ ಹೊಟ್ಟೆಗೆ ಹಾಕಿಕೊಂಡ ಹಾಗೆ, ಬಡತನ ಬಂದರೆ ಹೊಟ್ಟೆಗೆ ತಣ್ಣೀರುಬಟ್ಟೆ. ಇಷ್ಟು ಸಂಪತ್ತಿನ ವಾರಸುದಾರನಾದ ನಾನು ಡಾಕ್ಟರ ಮುಂದೆ ಕುಳಿತಾಗ ಅವರು ಕೇಳಿದರು: “ನೋವು ಹೇಗಿರುತ್ತೆ?” ನಾನೆಂದೆ: “ಒಂಥರಾ ಸಾರ್.” ಎಂ.ಎ. ಪದವಿಯೂ ಇಪ್ಪತ್ತು ವರ್ಷದ ಬೋಧನೆಯೂ ಆ ‘ಒಂಥರಾ’ದಲ್ಲಿ ಮುಳುಗಿಹೋದವು. ಡಾಕ್ಟರು ಕಷ್ಟಪಡಲಿಲ್ಲ. “ಗ್ಯಾಸ್ಟ್ರಿಕ್” ಎಂದರು. ವ್ಯಾಕರಣದ ದೃಷ್ಟಿಯಿಂದ ಅದೊಂದು ವಿಶೇಷಣ. ಜಠರಕ್ಕೆ ಸಂಬಂಧಪಟ್ಟ ಎಂದಷ್ಟೇ ಅದರ ಅರ್ಥ. ಜಠರಕ್ಕೆ ಸಂಬಂಧಪಟ್ಟದ್ದು ಏನು ಎಂಬ ವಿಶೇಷ್ಯವನ್ನು ನಮ್ಮ ಜನ ಎಲ್ಲಿ ಕಳೆದರೋ ತಿಳಿಯದು. ವಿಶೇಷಣವೊಂದನ್ನೇ ನುಂಗಿಕೊಂಡು, ಜೊತೆಗೆ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆಯನ್ನೂ ನುಂಗಿಕೊಂಡು ಆರು ತಿಂಗಳು ಕಳೆದೆ.

ರೋಗಿ ಒಬ್ಬನಾದರೆ ವೈದ್ಯರು ಊರಿಗೆಲ್ಲ. ಚರಿತ್ರೆಯ ಅಧ್ಯಾಪಕರು ಜೀರಿಗೆ ಕಷಾಯ ಹೇಳಿದರು. ಎದುರುಮನೆಯವರು ಓಮದ ನೀರು ಹೇಳಿದರು. ಭಾವಮೈದುನ ಬೆಳಗ್ಗೆ ಎದ್ದೊಡನೆ ಎರಡು ಚೊಂಬು ನೀರು ಕುಡಿಯಬೇಕೆಂದ. ಪ್ರಿನ್ಸಿಪಾಲರು, “ಎಲ್ಲ ಟೆನ್ಷನ್ ಕಣ್ರೀ” ಎಂದು ಹೇಳಿ ಪರೀಕ್ಷಾ ವಿಭಾಗದ ಕೆಲಸವನ್ನೂ ನನಗೇ ವಹಿಸಿದರು. ಅತ್ತೆಯವರು, ಹೊಟ್ಟೆಗೆ ವಾರಕ್ಕೊಮ್ಮೆಯಾದರೂ ವಿಶ್ರಾಂತಿ ಬೇಕು, ಶನಿವಾರ ಒಪ್ಪೊತ್ತು ಮಾಡಿ ಎಂದರು. ಒಪ್ಪೊತ್ತು ಎಂದರೆ ನಮ್ಮ ಕಡೆ ಅನ್ನ ಮಾತ್ರ ನಿಷಿದ್ಧ; ರವೆ ಉಪ್ಪಿಟ್ಟಿಗೆ ಅಡ್ಡಿಯಿಲ್ಲ. ಶನಿವಾರ ರಾತ್ರಿ ಉಪ್ಪಿಟ್ಟು ತಿಂದು ಭಾನುವಾರವಿಡೀ ನರಳುತ್ತಿದ್ದೆ. ಹೊಟ್ಟೆ ತೀರ ಕೆಟ್ಟ ದಿನ ಅನ್ನವೂ ಬೇಡ, ಖಾರವೂ ಬೇಡವೆಂದು ಬ್ರೆಡ್ಡು ಹಾಲು ಕೊಡುತ್ತಿದ್ದರು. ಎಲ್ಲರದೂ ಪ್ರೀತಿಯೇ. ಆ ಪ್ರೀತಿಯಲ್ಲಿ ಗೋಧಿ ಇದ್ದಿತೆಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಎರಡನೆಯ ಡಾಕ್ಟರು ಅಮೀಬಾ ಎಂದು ಸಂಶಯಪಟ್ಟು ಬಾಯೆಲ್ಲ ಕಬ್ಬಿಣದ ರುಚಿಯಾಗುವ ಮಾತ್ರೆ ಕೊಟ್ಟರು. ಮೂರನೆಯವರು ಸ್ಕ್ಯಾನಿಂಗ್ ಮಾಡಿಸಿದರು. ಯಕೃತ್ತು, ಮೂತ್ರಪಿಂಡ, ಪಿತ್ತಕೋಶ ಎಲ್ಲಕ್ಕೂ ಎದುರಿಗೆ ‘ನಾರ್ಮಲ್’ ಎಂದು ಬರೆದುಬಂತು. “ಏನೂ ಇಲ್ಲ, ಸಂತೋಷಪಡಿ” ಎಂದರು. ನೋಯುತ್ತಿರುವವನಿಗೆ ‘ಏನೂ ಇಲ್ಲ’ ಎಂಬ ಮಾತು ಎಷ್ಟು ಕಹಿಯೆಂಬುದು ಅನುಭವಿಸಿದವರಿಗೇ ಗೊತ್ತು. ಕಡೆಗೆ ಅದಕ್ಕೂ ಒಂದು ಹೆಸರು ಕೊಟ್ಟರು: ಇರಿಟಬಲ್ ಬವೆಲ್, ಅಂದರೆ ಸಿಡುಕುವ ಕರುಳು. ಅದು ಸುಳ್ಳು ಕಾಯಿಲೆಯಲ್ಲ. ಎಷ್ಟೋ ಜನ ನಿಜವಾಗಿ ಅದರಿಂದ ಬಳಲುತ್ತಾರೆ. ಆದರೆ ನನಗೆ ಆ ಹೆಸರನ್ನು ಕೊಟ್ಟ ಧಾಟಿ, ಗುಮಾಸ್ತೆ ಕಡತ ಕಟ್ಟಿ ಮೇಲಿಡುವ ಧಾಟಿಯಾಗಿತ್ತು. ಮನೆಗೆ ಬಂದಾಗ ಹೆಂಡತಿ, “ರೀ, ಸಿಡುಕು ಕರುಳಿಗೆ ಈಗ ಬಂದಿರಬಹುದು, ನಿಮಗೆ ಮೊದಲಿನಿಂದಲೂ ಇದೆ” ಎಂದಳು. ನಕ್ಕೆವು. ಆದರೆ ಅಂದಿನಿಂದ ನಾನು ನೋವನ್ನು ಹೇಳಿಕೊಳ್ಳುವುದನ್ನು ಕಡಮೆ ಮಾಡಿದೆ. ರಿಪೋರ್ಟು ಇಲ್ಲವೆಂದ ಮೇಲೆ ಇದೆಯೆನ್ನಲು ನಾನು ಯಾರು? ಒಮ್ಮೊಮ್ಮೆ ನನಗೇ ಅನುಮಾನ: ನಾನೂ ರಜಾ ಅರ್ಜಿ ಬರೆಯುತ್ತಿದ್ದೇನೆಯೆ?

ಮೈ ಮಾತ್ರ ಸುಳ್ಳು ಹೇಳಲಿಲ್ಲ. ಎರಡು ವರ್ಷದಲ್ಲಿ ಅರುವತ್ತೆಂಟು ಕಿಲೋ ಇದ್ದವನು ಐವತ್ತೇಳಕ್ಕೆ ಇಳಿದೆ. ಮೂರನೆಯ ಮಹಡಿಯ ತರಗತಿಗೆ ಹತ್ತಿದರೆ ಐದು ನಿಮಿಷ ಮಾತಿಲ್ಲ. ರಕ್ತ ಪರೀಕ್ಷಿಸಿದರೆ ಹಿಮೋಗ್ಲೋಬಿನ್ 8.6. ಕಬ್ಬಿಣದ ಮಾತ್ರೆ ನುಂಗಿದ್ದೇ ಬಂತು, ಅಂಕಿ ಮೇಲೇಳಲಿಲ್ಲ. ಆ ದಿನಗಳಲ್ಲಿ ರಾತ್ರಿ ನಿದ್ದೆ ಬಾರದೆ ಒಂದು ಲೆಕ್ಕ ಹಾಕುತ್ತಿದ್ದೆ. ನಮ್ಮ ಅಪ್ಪಯ್ಯ 1988ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತಾರು. ಹೀಗೆಯೇ ಸೊರಗಿ, ಬಿಳಿಚಿಕೊಂಡು ಹೋದರು. ಏನಾಗಿತ್ತೆಂದು ಕೇಳಿದವರಿಗೆ ಊರಿನವರು ಹೇಳುತ್ತಿದ್ದದ್ದು ಒಂದೇ ಮಾತು: ಹೊಟ್ಟೆನೋವು. ನನಗೂ ಆಗ ನಲವತ್ತಾರು ನಡೆಯುತ್ತಿತ್ತು. ಮಗಳು ಪಿ.ಯು.ಸಿ.ಯಲ್ಲಿದ್ದಳು. ಈ ಲೆಕ್ಕವನ್ನು ನಾನು ಯಾರಿಗೂ ತೋರಿಸಲಿಲ್ಲ.

ನಾಲ್ಕನೆಯ ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಉತ್ತರ ಭಾರತದಲ್ಲಿ ಓದಿ ಬಂದವರು. ದಪ್ಪನಾಗಿದ್ದ ನನ್ನ ಕಡತವನ್ನು ಪಕ್ಕಕ್ಕೆ ಸರಿಸಿ, “ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂತೀರಿ, ಹೇಳಿ ಸಾರ್” ಎಂದರು. ಹೇಳಿದೆ. ಚಪಾತಿಯ ಹತ್ತಿರ ಅವರ ಲೇಖನಿ ನಿಂತಿತು. “ಚಪಾತಿ ಯಾವಾಗಿನಿಂದ?” “2021ರಿಂದ.” “ಹೊಟ್ಟೆ ಕೆಟ್ಟಿದ್ದು?” “2021ರಿಂದ.” ಅಷ್ಟು ಹೇಳಿ ಸುಮ್ಮನೆ ಕುಳಿತೆ. ಪದಕ್ಕೂ ಪದಕ್ಕೂ ಇರುವ ಸಂಬಂಧವನ್ನು ಬಿಡಿಸಿ ತೋರಿಸುವುದೇ ನನ್ನ ವೃತ್ತಿ. ಆದರೆ ಈ ಎರಡು ವಾಕ್ಯಗಳನ್ನು ಮೂರು ವರ್ಷದಲ್ಲಿ ಒಮ್ಮೆಯೂ ನಾನು ಅಕ್ಕಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ.

ಇಂದಿನಿಂದಲೇ ಗೋಧಿ ಬಿಡುತ್ತೇನೆಂದೆ. “ಖಂಡಿತ ಕೂಡದು” ಎಂದರು. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ರೋಗ ಮುಖ ಮರೆಸಿಕೊಳ್ಳುತ್ತದಂತೆ. ಶತ್ರುವೆಂದು ತಿಳಿದೂ ಹತ್ತು ದಿನ ಚಪಾತಿ ತಿಂದೆ. ರಕ್ತದಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬುದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು ಅಳೆದರು. ಮಿತಿ ಮೀರಿ ಇದ್ದವು. ಆಮೇಲೆ ಬಾಯಿಯ ಮೂಲಕ ಕೊಳವೆ ಇಳಿಸಿ ಸಣ್ಣ ಕರುಳಿನ ಮೊದಲ ಭಾಗದಿಂದ ಚೂರುಗಳನ್ನು ತೆಗೆದರು. ಕರುಳಿನ ಒಳಮೈ ಮಖಮಲ್ಲಿನ ಹಾಗೆ ನವುರಾದ ಎಳೆಗಳಿಂದ ತುಂಬಿರುತ್ತದೆ; ಅನ್ನದ ಸಾರವನ್ನು ಹೀರುವುದು ಆ ಎಳೆಗಳೇ. ಕೆಲವರ ದೇಹಕ್ಕೆ ಗೋಧಿಯ ಗ್ಲುಟೆನ್ ಎಂಬ ಅಂಶ ಕಂಡರಾಗದು. ಅದರ ಮೇಲೆ ಹೂಡಿದ ಯುದ್ಧದಲ್ಲಿ ದೇಹ ತನ್ನ ಕರುಳನ್ನೇ ಹಾಳುಮಾಡಿಕೊಳ್ಳುತ್ತದೆ. ನನ್ನ ಮಖಮಲ್ಲು ಸವೆದು ಗೋಣಿತಟ್ಟಾಗಿತ್ತು. ಕಬ್ಬಿಣದ ಮಾತ್ರೆ ಏಕೆ ಮೈಗೆ ಹತ್ತಲಿಲ್ಲವೆಂಬುದು ಆಗ ತಿಳಿಯಿತು. ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ ಹೆಚ್ಚಾಗಿ ಉಣ್ಣುವ ಉತ್ತರದ ಪ್ರಾಂತಗಳಲ್ಲಿ ಹೆಚ್ಚು, ನಮ್ಮ ದಕ್ಷಿಣದಲ್ಲಿ ಕಡಮೆ. ಮೊದಲಿನ ಮೂವರಿಗೆ ಅದು ಹೊಳೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮನೆಗೆ ಬಂದವನೇ ಆ ಪದದ ಮೂಲ ಹುಡುಕಿದೆ, ಜಾತಿಬುದ್ಧಿ. ಗ್ರೀಕ್ ಭಾಷೆಯಲ್ಲಿ ‘ಕೊಯಿಲಿಯಾ’ ಎಂದರೆ ಹೊಟ್ಟೆ. ಕ್ರಿ.ಶ. ಎರಡನೆಯ ಶತಮಾನದ ಸುಮಾರಿನಲ್ಲಿ ಅರೀಟಿಯಸ್ ಎಂಬ ಗ್ರೀಕ್ ವೈದ್ಯ ಇಂಥ ರೋಗಿಗಳನ್ನು ವರ್ಣಿಸುವಾಗ ಈ ಶಬ್ದವನ್ನು ಬಳಸಿದ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ಗೀ ಅದನ್ನೇ ಮತ್ತೆ ಎತ್ತಿಕೊಂಡ. ಮೂರು ವರ್ಷ ಅಲೆದು, ನಾಲ್ವರು ವೈದ್ಯರನ್ನು ಕಂಡು ನಾನು ಸಂಪಾದಿಸಿದ ಹೆಸರಿನ ಅರ್ಥ ಇಷ್ಟೇ: ‘ಹೊಟ್ಟೆಯದು’! ನನ್ನ ವಿದ್ಯಾರ್ಥಿಗಳೂ ಇದನ್ನೇ ಅಲ್ಲವೆ ಬರೆಯುತ್ತಿದ್ದದ್ದು?

ಆದರೆ ಹೆಸರಿನ ಹಿಂದಿನ ಕಥೆ ಅಷ್ಟು ಹಗುರವಲ್ಲ. ಪಥ್ಯದಿಂದಲೇ ಇದು ಗುಣವಾಗಬೇಕೆಂದು ಗೀ ಊಹಿಸಿದ್ದ. ಯಾವ ಪಥ್ಯವೆಂಬುದು ತಿಳಿಯಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬ ವೈದ್ಯ ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹಿಡಿಸಿದ. ಸಾಯುವ ಸ್ಥಿತಿಯಲ್ಲಿದ್ದ ಮಕ್ಕಳು ಎದ್ದು ಕುಳಿತರು. ಕೀರ್ತಿ ಬಾಳೆಹಣ್ಣಿಗೆ ಹೋಯಿತು. ವಾಸ್ತವವಾಗಿ ಮಕ್ಕಳನ್ನು ಉಳಿಸಿದ್ದು ತಟ್ಟೆಯಲ್ಲಿದ್ದ ಹಣ್ಣಲ್ಲ, ತಟ್ಟೆಯಲ್ಲಿಲ್ಲದ ಬ್ರೆಡ್ಡು. ಇದನ್ನು ಕಂಡವನು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಗೋಧಿಯ ಮೇಲೆ ಅವನಿಗೆ ಮೊದಲೇ ಗುಮಾನಿಯಿತ್ತು. 1944–45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ಆ ದೇಶಕ್ಕೆ ಘೋರ ಕ್ಷಾಮ ಬಂತು, ಬ್ರೆಡ್ಡು ಸಿಗದಾಯಿತು. ಊರಿಗೆ ಊರೇ ಹಸಿದಿರುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಮತ್ತೆ ಬ್ರೆಡ್ಡು ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಡಿಕೆ ತನ್ನ ಪ್ರಬಂಧದಲ್ಲಿ ಈ ವಿಷಯವನ್ನು ವಿವರವಾಗಿ ಬರೆದ.

ಔಷಧಿಯಿಲ್ಲದ ಕಾಯಿಲೆ ಇದು, ಬಿಡುವುದೇ ಔಷಧಿ. ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿ ಇಷ್ಟನ್ನೂ ಜೀವವಿರುವವರೆಗೆ ಬಿಡಬೇಕು. ಅಕ್ಕಿ, ರಾಗಿ, ಜೋಳ, ನವಣೆ ನಿರಪಾಯ. ನಾನು ಅಕ್ಕಿಗೆ ಮರಳಿದೆ. ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ಗುಣ ಕಂಡಿತು. ಕಾಲು ಪಾಲು ಹಟ ಹಿಡಿಯಿತು. ಹೆಂಡತಿ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಕನ್ನಡಕ ಹಾಕಿಕೊಂಡು, ಸಣ್ಣಕ್ಷರಗಳನ್ನು ಓದಿದಳು. ಕಡೆಗೆ ಸಿಕ್ಕಿಬಿದ್ದದ್ದು ಇಂಗು. ಅಂಗಡಿಯ ಡಬ್ಬಿಯ ಇಂಗು ಬರೀ ಇಂಗಲ್ಲ; ಎಷ್ಟೋ ಡಬ್ಬಿಗಳಲ್ಲಿ ಅದಕ್ಕೆ ಗೋಧಿಹಿಟ್ಟು ಬೆರೆಸಿರುತ್ತಾರೆ. ದಿನವೂ ಸಾರಿನ ಒಗ್ಗರಣೆಯಲ್ಲಿ ಚಿಟಿಕೆ ಚಿಟಿಕೆಯಾಗಿ ಶತ್ರು ಒಳಗೆ ಬರುತ್ತಿದ್ದ. ಈಗ ನಮ್ಮ ಸಾರಿಗೆ ಬೆಳ್ಳುಳ್ಳಿಯ ಒಗ್ಗರಣೆ. ಮದುವೆ ಮನೆಗಳದು ಬೇರೆ ಪಾಡು. ಹೋಳಿಗೆ ಬೇಡ, ಚಿರೋಟಿ ಬೇಡ, ಕೇಸರಿಬಾತು ಬೇಡ ಎಂದರೆ, “ಒಂದು ಚೂರು ತಿಂದರೆ ಏನೂ ಆಗಲ್ಲ, ನಮ್ಮ ಸಂತೋಷಕ್ಕೆ” ಎಂದು ಬಡಿಸಿಯೇ ಬಿಡುತ್ತಾರೆ. ಅವರ ಸಂತೋಷಕ್ಕೆ ನಾನು ನರಳಬೇಕಾಗುತ್ತದೆ ಎಂದು ಪಂಕ್ತಿಯಲ್ಲಿ ಹೇಳುವುದು ಹೇಗೆ?

ಕಾಯಿಲೆಯ ಹೆಸರು ಸಿಕ್ಕಿದ ಮೇಲೆ ಊರಿಗೆ ಹೋದೆ. ಅಮ್ಮನಿಗೆ ಈಗ ಎಪ್ಪತ್ತೈದು ದಾಟಿದೆ. ಜಗಲಿಯಲ್ಲಿ ಅಡಿಕೆ ಆರಿಸುತ್ತ ಕುಳಿತಿದ್ದಳು. ಗೋಧಿಯ ಕಥೆಯನ್ನು ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು.

“ನಿನ್ನ ಅಪ್ಪಯ್ಯನಿಗೆ ರಜೆಯಲ್ಲಿ ಹೊಟ್ಟೆನೋವು ಇರ್ತಿರಲಿಲ್ಲ ಕಣೋ” ಎಂದಳು.

ಅಪ್ಪಯ್ಯ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು. ಶಾಲೆ ಇದ್ದದ್ದು ಹಳ್ಳದ ಆಚೆಗೆ, ಎರಡು ಮೈಲಿ ದೂರದಲ್ಲಿ. ಆ ಕಾಲದಲ್ಲಿ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಹಾಕುತ್ತಿದ್ದರು. ಅಮೆರಿಕದಿಂದ ನೆರವಾಗಿ ಬರುತ್ತಿದ್ದ ಹಳದಿ ಬಣ್ಣದ ಗೋಧಿರವೆ. ನನ್ನ ವಯಸ್ಸಿನ ವಾಚಕರ ನಾಲಗೆಗೆ ಅದರ ರುಚಿ ಇನ್ನೂ ನೆನಪಿರಬಹುದು. ಮಧ್ಯಾಹ್ನ ಮನೆಗೆ ಬಂದುಹೋಗುವುದು ದೂರವೆಂದು ಅಪ್ಪಯ್ಯ ಮಕ್ಕಳ ಜೊತೆಗೇ ಆ ಉಪ್ಪಿಟ್ಟು ತಿನ್ನುತ್ತಿದ್ದರು. ಉಳಿದಂತೆ ಮನೆಯಲ್ಲಿ ಗೋಧಿಯ ಸುಳಿವೇ ಇರಲಿಲ್ಲ. ಬೇಸಗೆಯ ರಜೆ ಬಂದರೆ ಹೊಟ್ಟೆ ಸರಿಹೋಗುತ್ತಿತ್ತು; ಮೈ ತುಂಬಿಕೊಳ್ಳುತ್ತಿತ್ತು. ಶಾಲೆ ತೆರೆದು ತಿಂಗಳಾಗುವುದರೊಳಗೆ ಮತ್ತೆ ಶುರು. ಅವರು ಮಲಗಿದ ದಿನ ಶಾಲೆಗೆ ಬೀಗ. ಕೆಲಸವಿದ್ದಾಗ ಹೊಟ್ಟೆನೋವು, ರಜೆಯಲ್ಲಿ ಗಟ್ಟಿಮುಟ್ಟು: ಊರು ಇದರಿಂದ ಒಂದೇ ತೀರ್ಮಾನಕ್ಕೆ ಬಂದಿತ್ತು. ‘ರಜಾ ಮೇಷ್ಟ್ರು’ ಎಂದು ಹೆಸರಿಟ್ಟರು. ಮೇಲಿನವರಿಗೆ ಅರ್ಜಿಯೂ ಹೋಯಿತಂತೆ. ಆ ಅಡ್ಡಹೆಸರು ನನ್ನ ಕಿವಿಗೂ ಬಿದ್ದಿತ್ತು. ಹತ್ತು ವರ್ಷದ ಹುಡುಗನಿಗೆ ಅದು ನಾಚಿಕೆಯಾಗಿತ್ತು. ಅಪ್ಪಯ್ಯ ಸ್ವಲ್ಪ ಸೋಮಾರಿಯೇ ಇರಬೇಕೆಂದು ನಾನೂ ಒಳಗೊಳಗೇ ನಂಬಿದ್ದೆ.

“ಕಡೆಗೆ ಪೇಟೆಯ ಆಸ್ಪತ್ರೆಗೆ ಸೇರಿಸಿದಾಗ?” ಎಂದು ಕೇಳಿದೆ.

“ಅನ್ನ ಬೇಡ ಅಂದ್ರು. ಬ್ರೆಡ್ಡು ಹಾಲು ಕೊಡ್ತಿದ್ರು” ಎಂದಳು ಅಮ್ಮ. ಮತ್ತೆ ಅಡಿಕೆ ಆರಿಸತೊಡಗಿದಳು.

ಅಪ್ಪಯ್ಯನಿಗೆ ಇದ್ದದ್ದು ಇದೇ ಕಾಯಿಲೆಯೆಂದು ನಾನು ಹೇಳಲಾರೆ. ಹೊಟ್ಟೆಯಲ್ಲಿ ಹುಟ್ಟುವ ಕಾಯಿಲೆಗಳು ನೂರಾರು. ಪರೀಕ್ಷೆ ಮಾಡಲು ಅವರಿಲ್ಲ. ರಕ್ತಸಂಬಂಧಿಗಳಲ್ಲಿ ಇದು ಸಾಗಿಬರುವುದುಂಟು ಎಂಬುದಷ್ಟೇ ನಿಜ. ಅದಕ್ಕಾಗಿಯೇ ಡಾಕ್ಟರು ನನ್ನ ಮಗಳನ್ನೂ ಪರೀಕ್ಷಿಸಲು ಹೇಳಿದರು. ಅವಳಿಗೆ ಸದ್ಯ ಏನೂ ಇಲ್ಲ. ಮುಂದೆ ಮತ್ತೆ ನೋಡಬೇಕು. ನನ್ನನ್ನು ಕಾಡುವುದು ಬೇರೆ ವಿಚಾರ. ರಜೆಯಲ್ಲಿ ಗುಣವಾಗುತ್ತದೆ ಎಂಬುದು ಎಲ್ಲರಿಗಿಂತ ದೊಡ್ಡ ಸುಳಿವಾಗಿತ್ತು. ಆ ಸುಳಿವನ್ನೇ ಹಿಡಿದು ಊರು ಅವರನ್ನು ಸುಳ್ಳುಗಾರನೆಂದಿತು. ಅವರೂ ಅದನ್ನು ಹೊಟ್ಟೆಗೆ ಹಾಕಿಕೊಂಡರು. ಒಂದು ಹೆಸರು ಸಿಕ್ಕಿದ್ದರೆ ಪ್ರಾಣ ಉಳಿಯುತ್ತಿತ್ತೋ ಇಲ್ಲವೋ ತಿಳಿಯದು, ಮರ್ಯಾದೆಯಂತೂ ಉಳಿಯುತ್ತಿತ್ತು. ನನಗೆ ಕಾಯಿಲೆಯ ಹೆಸರು ಕೊಟ್ಟ ಮೊದಲ ಉಪಕಾರವೂ ಅದೇ: ಔಷಧಿಗಿಂತ ಮುಂಚೆ, ಜನ ನಂಬಿದರು. ಹೆಸರು ಸಿಗುವ ಮೊದಲೂ ನೋವು ಅಷ್ಟೇ ನಿಜವಾಗಿತ್ತಲ್ಲ!

ಈಗ ನನ್ನ ಹಿಮೋಗ್ಲೋಬಿನ್ ಹನ್ನೆರಡು ದಾಟಿದೆ. ಮೂರನೆಯ ಮಹಡಿಯನ್ನು ಮಾತಾಡುತ್ತಲೇ ಹತ್ತುತ್ತೇನೆ. ಮೊನ್ನೆ ಸೋಮವಾರ ಹಿಂದಿನ ಬೆಂಚಿನ ಹುಡುಗನೊಬ್ಬ ಅರ್ಜಿ ತಂದುಕೊಟ್ಟ: ‘ಹೊಟ್ಟೆನೋವಿನ ಪ್ರಯುಕ್ತ ಶನಿವಾರ ತರಗತಿಗೆ ಹಾಜರಾಗಲು ಸಾಧ್ಯವಾಗಲಿಲ್ಲವಾದ್ದರಿಂದ’. ತರಗತಿ ನನ್ನ ಹಳೆಯ ವಿನೋದಕ್ಕಾಗಿ ಕಾದಿತ್ತು. ನಾನು ಕೇಳಿದೆ: “ಎಲ್ಲಿ ನೋವು? ಎಷ್ಟು ದಿನದಿಂದ? ಏನು ತಿಂದಾಗ ಬರುತ್ತೆ?” ಹುಡುಗ ಕಕ್ಕಾಬಿಕ್ಕಿಯಾದ. ಇಂಥ ಪ್ರಶ್ನೆಗಳಿಗೆ ಅವನು ಸಿದ್ಧನಾಗಿ ಬಂದಿರಲಿಲ್ಲ. ಸಿನಿಮಾಕ್ಕೆ ಹೋಗಿದ್ದನೋ ಏನೋ.

“ಒಂಥರಾ ಸಾರ್” ಎಂದ.

ಅರ್ಜಿಗೆ ಸಹಿ ಹಾಕಿದೆ.